ಗುಟ್ಟಿನ ಗಟ್ಟಿತನ

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಮಾತುಗಳನ್ನು ಆರಂಭಿಸುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಕುರೆಕುಪ್ಪಕ್ಕೆ ಬಂದಿದ್ದಳು. ನನ್ನ ಕಂಪ್ಯೂಟರಿನ ಮುಂದೆ ಕುಳಿತವಳು, “ತಾತ, ಪಾಸ್‌ವರ್ಡ್ ಹೇಳಿ” ಎಂದಳು. ಅದನ್ನು ಯಾರಿಗೂ ಹೇಳಬಾರದೆಂದು ನಾನು ಸ್ವಲ್ಪ ಬಿಗುಮಾನದಿಂದಲೇ ಉತ್ತರಿಸಿದೆ. “ಹಾಗಾದರೆ ನಾನೇ ಕಂಡುಹಿಡಿಯಲೇ?” ಎಂದಳು. ಹಿಡಿ ನೋಡೋಣ ಎಂದೆ. ಮೊದಲು ತುಂಗಭದ್ರಾ ಎಂದು ಬರೆದಳು, ಬಾಗಿಲು ತೆರೆಯಲಿಲ್ಲ. ಎರಡನೆಯದಾಗಿ ತನ್ನ ಹೆಸರನ್ನೂ ತಾನು ಹುಟ್ಟಿದ ವರ್ಷವನ್ನೂ ಬರೆದಳು, ತೆರೆಯಲಿಲ್ಲ. ಕ್ಷಣಕಾಲ ನನ್ನ ಪುಸ್ತಕದ ಕಪಾಟನ್ನು ನೋಡಿದಳು. ಮೂರನೆಯ ಸಲ ಹಂಪಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ನಡುವೆ ಒಂದು ಅಟ್ ಚಿಹ್ನೆ ಹಾಕಿ, ಮುಂದೆ 1336 ಎಂದು ಸೇರಿಸಿದಳು. ಬಾಗಿಲು ತೆರೆಯಿತು.

ನಾನು ಬೆರಗಾಗಿ, ಹೇಗೆ ತಿಳಿಯಿತು ಎಂದು ಕೇಳಿದೆ. “ನಿಮ್ಮ ಜೊತೆ ಹತ್ತು ನಿಮಿಷ ಮಾತಾಡಿದವರಿಗೆಲ್ಲ ವಿಜಯನಗರ ಸ್ಥಾಪನೆಯಾದ ವರ್ಷ ಗೊತ್ತಾಗಿಬಿಡುತ್ತದೆ ತಾತ. ಇನ್ನು ಚಿಹ್ನೆ ಹಾಕಿ ಎಂದರೆ ಎಲ್ಲರೂ ಹಾಕುವುದು ಅದನ್ನೇ” ಎಂದಳು. ನಗು ಬಂತು. ಆದರೆ ರಾತ್ರಿ ಮಲಗಿದಾಗ ಆ ನಗು ಉಳಿಯಲಿಲ್ಲ. ಏಕೆಂದರೆ ಅದೇ ಪದ ನನ್ನ ಇ-ಮೇಲಿಗೂ ಬೀಗವಾಗಿತ್ತು. ನಿವೃತ್ತಿವೇತನ ಬರುವ ಖಾತೆಗೂ ಅದೇ ಬೀಗವಾಗಿತ್ತು.

ನಿದ್ದೆ ಬಾರದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಬಾಲ್ಯದ ಗೆಳೆಯರೊಬ್ಬರು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಮಗಳ ಮದುವೆಗೆಂದು ಕೂಡಿಟ್ಟಿದ್ದ ಅವರ ಹಣ ಅದಕ್ಕೆ ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ಖಾತೆಯಿಂದ ಮಾಯವಾಗಿತ್ತು. ಅವರು ಮಗನ ಹೆಸರಿನ ಮುಂದೆ ಅವನ ಜನ್ಮವರ್ಷವನ್ನು ಸೇರಿಸಿ ಎಲ್ಲ ಕಡೆಯೂ ಅದನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದರು. ಯಾರೋ ಅವರ ಇ-ಮೇಲನ್ನು ತೆರೆದು ಓದಿದ್ದರು. ಓದಿದವನು ದೂರವಾಣಿಯಲ್ಲಿ ಮಾತನಾಡುವಾಗ ಅವರ ಖಾತೆ ಯಾವ ಶಾಖೆಯಲ್ಲಿದೆ, ಪಿಂಚಣಿ ಎಷ್ಟು ಬರುತ್ತದೆ ಎಂಬುದನ್ನೆಲ್ಲ ತಾನೇ ಹೇಳಿದ. ಇಷ್ಟೆಲ್ಲ ತಿಳಿದವನು ಬ್ಯಾಂಕಿನವನೇ ಇರಬೇಕೆಂದು ನಂಬಿ, ಫೋನಿಗೆ ಬಂದ ಆರು ಅಂಕಿಗಳನ್ನು ಇವರು ಓದಿ ಹೇಳಿದರು. ನಾಲ್ಕು ದಿನ ಮನೆಯಲ್ಲಿ ಯಾರಿಗೂ ಈ ವಿಷಯ ತಿಳಿಸಲಿಲ್ಲ. ಐದನೆಯ ದಿನ ನನ್ನ ಬಳಿ ಬಂದು, “ರೊಕ್ಕ ಹೋದದ್ದು ಹೋಗಲಿ ಬಿಡಪ್ಪ. ಇಷ್ಟು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವನು ನಾನು. ಈಗ ಮನೆಯವರ ಮುಖ ಹೇಗೆ ನೋಡಲಿ?” ಎಂದರು. ಆ ಮಾತು ನನ್ನಲ್ಲಿ ಉಳಿದಿತ್ತು. ಮೊಮ್ಮಗಳು ನನ್ನ ಗುಟ್ಟನ್ನು ಮೂರೇ ಊಹೆಯಲ್ಲಿ ಬಿಡಿಸಿದಾಗ, ಗೆಳೆಯರಿಗೂ ನನಗೂ ಇದ್ದ ಅಂತರ ಅದೃಷ್ಟವೊಂದೇ ಎಂಬುದು ಮನವರಿಕೆಯಾಯಿತು.

ಪಾಸ್‌ವರ್ಡನ್ನು ನಾನು ಗುಪ್ತಪದ ಎಂದು ಕರೆಯುತ್ತೇನೆ. ಗುಪ್ತಪದದ ಕೆಲಸ ನಮಗೆ ಹೊಸದಲ್ಲ. ನಮ್ಮ ಹಂಪಿಯ ಸುತ್ತಣ ಪ್ರದೇಶವನ್ನು ಕಿಷ್ಕಿಂಧೆಯೆಂದು ಜನ ನಂಬುತ್ತಾರೆ. ಇಲ್ಲಿಂದ ಲಂಕೆಗೆ ಹೋದ ಹನುಮಂತ ತಾನು ರಾಮನ ದೂತನೆಂಬುದಕ್ಕೆ ಉಂಗುರವನ್ನು ಕೊಟ್ಟ. ಸೀತೆಯಾದರೋ ಮರಳಿ ಚೂಡಾಮಣಿಯನ್ನಷ್ಟೆ ಕೊಟ್ಟು ಕಳಿಸಲಿಲ್ಲ. ಚಿತ್ರಕೂಟದಲ್ಲಿ ನಡೆದ ಕಾಗೆಯ ಪ್ರಸಂಗವನ್ನೂ ಹೇಳಿ ಕಳಿಸಿದಳು. ಆಭರಣವನ್ನು ಯಾರಾದರೂ ಕದಿಯಬಹುದು. ಇಬ್ಬರೇ ಬಲ್ಲ ನೆನಪನ್ನು ಕದಿಯುವುದು ಕಷ್ಟ. ವಾಲ್ಮೀಕಿ ಇದನ್ನು ಅಭಿಜ್ಞಾನವೆನ್ನುತ್ತಾನೆ, ಅಂದರೆ ಗುರುತು. ಇಂದಿನ ಯಂತ್ರವೂ ನಮ್ಮನ್ನು ಕೇಳುವುದು ಇಷ್ಟನ್ನೇ: ನೀನು ನೀನೇ ಎಂಬುದಕ್ಕೆ, ನೀನೊಬ್ಬನೇ ಬಲ್ಲ ಒಂದು ಮಾತು ಹೇಳು. ನಾವು ಹೇಳುವ ಮಾತನ್ನು ನಿಜವಾಗಿ ನಾವೊಬ್ಬರೇ ಬಲ್ಲೆವೆ ಎಂಬುದೇ ಪ್ರಶ್ನೆ. ಗುಪ್ತಪದದ ಗಟ್ಟಿತನವನ್ನು ಪರೀಕ್ಷಿಸುವುದೆಂದರೆ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದು.

ಇಲ್ಲಿ ನನ್ನ ವೃತ್ತಿಯ ಒಂದು ಪಾಠ ನೆರವಿಗೆ ಬರುತ್ತದೆ. ಛಂದಸ್ಸಿನಲ್ಲಿ ಪ್ರಸ್ತಾರವೆಂಬ ಒಂದು ಭಾಗವಿದೆ; ಪಿಂಗಲನ ಛಂದಶ್ಶಾಸ್ತ್ರದಿಂದ ಬಂದದ್ದು. ಲಘು, ಗುರು ಎಂಬ ಎರಡೇ ಬಗೆಯ ಅಕ್ಷರಗಳಿಂದ ಎಷ್ಟು ವಿನ್ಯಾಸಗಳು ಸಾಧ್ಯವೆಂಬುದನ್ನು ಅದು ಲೆಕ್ಕ ಹಾಕುತ್ತದೆ. ಒಂದು ಅಕ್ಷರಕ್ಕೆ 2, ಎರಡು ಅಕ್ಷರಕ್ಕೆ 4, ಮೂರು ಅಕ್ಷರಕ್ಕೆ 8. ನಮ್ಮ ಎಂಟು ಅಕ್ಷರಗಣಗಳು ಹುಟ್ಟಿದ್ದು ಹೀಗೆ. ಹೀಗೆಯೇ ಇಮ್ಮಡಿಸುತ್ತ ಹೋದರೆ ಇಪ್ಪತ್ತು ಅಕ್ಷರಗಳ ಒಂದು ಪಾದಕ್ಕೆ 10,48,576 ವಿನ್ಯಾಸಗಳು ಸಾಧ್ಯ. ಈ ಸಂಖ್ಯೆಯನ್ನು ಕರಿಹಲಗೆಯ ಮೇಲೆ ಬರೆದಾಗ ವಿದ್ಯಾರ್ಥಿಗಳು ಕಣ್ಣರಳಿಸುತ್ತಿದ್ದರು. ಆಗ ನಾನು ಕೇಳುತ್ತಿದ್ದೆ: ಇಷ್ಟರಲ್ಲಿ ನಮ್ಮ ಚಂಪೂಕವಿಗಳು ಹೆಚ್ಚಾಗಿ ಬಳಸಿದ್ದು ಎಷ್ಟು? ಇಪ್ಪತ್ತು ಅಕ್ಷರದ ಪಾದದಲ್ಲಿ ಅವರು ಒಲಿದದ್ದು ಮುಖ್ಯವಾಗಿ ಎರಡಕ್ಕೆ, ಉತ್ಪಲಮಾಲೆಗೆ ಮತ್ತು ಮತ್ತೇಭವಿಕ್ರೀಡಿತಕ್ಕೆ. ಖ್ಯಾತ ಕರ್ಣಾಟಕಗಳೆಂದು ಹೆಸರಾದ ವೃತ್ತಗಳು ಒಟ್ಟು ಆರೇ.

ಸಾಧ್ಯವಿರುವುದು ಹತ್ತು ಲಕ್ಷ; ರೂಢಿಯಲ್ಲಿರುವುದು ಎರಡು. ಕಾವ್ಯದಲ್ಲಿ ಇದು ದೋಷವಲ್ಲ, ಕಿವಿಗೆ ಹಿತವಾದದ್ದನ್ನು ಕವಿ ಆರಿಸಿಕೊಳ್ಳುತ್ತಾನೆ. ಗುಪ್ತಪದದಲ್ಲಿ ಮಾತ್ರ ಇದೇ ಮುಳುವಾಗುತ್ತದೆ. ನಾಲ್ಕು ಅಂಕಿಗಳ ಪಿನ್ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಕಾಗದದ ಮೇಲೆ 10,000 ಸಾಧ್ಯತೆಗಳಿವೆ. ನೀವು ನಿಮ್ಮದೋ ನಿಮ್ಮ ಮಕ್ಕಳದೋ ಜನ್ಮವರ್ಷವನ್ನು ಇಟ್ಟುಕೊಂಡಿದ್ದರೆ ಕಳ್ಳನು ಪ್ರಯತ್ನಿಸಬೇಕಾದದ್ದು ಹೆಚ್ಚೆಂದರೆ ನೂರು. ನಿಮ್ಮ ವಯಸ್ಸನ್ನು ಬಲ್ಲವನಾದರೆ ಹತ್ತು ಸಾಕು. ಬೀಗ ಮಾಡಿದವನು ಹತ್ತು ಸಾವಿರ ಹಲ್ಲುಗಳ ಬೀಗವನ್ನೇ ಕೊಟ್ಟಿದ್ದಾನೆ; ಅದನ್ನು ಹತ್ತು ಹಲ್ಲಿನ ಬೀಗವಾಗಿ ಮಾಡಿಕೊಂಡವರು ನಾವು.

ಇದು ಊಹೆಯ ಮಾತಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬುವರು 1979ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ತಾವು ಸಂಗ್ರಹಿಸಿದ 3,289 ಗುಪ್ತಪದಗಳನ್ನು ಪರಿಶೀಲಿಸಿದ್ದಾರೆ. ಅವುಗಳಲ್ಲಿ 2,831, ಎಂದರೆ ನೂರಕ್ಕೆ 86, ಒಂದೋ ತೀರ ಚಿಕ್ಕವು, ಇಲ್ಲವೇ ಹೆಸರು, ನಿಘಂಟಿನ ಪದ ಮುಂತಾಗಿ ಸುಲಭವಾಗಿ ಸಿಕ್ಕಿಬೀಳುವಂಥವು. ಮೂವತ್ತು ವರ್ಷ ಕಳೆಯಿತು. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3 ಕೋಟಿ 20 ಲಕ್ಷಕ್ಕೂ ಹೆಚ್ಚು ಗುಪ್ತಪದಗಳು ಹೊರಬಿದ್ದವು. ಎಣಿಸಿ ನೋಡಿದರೆ ಎಲ್ಲಕ್ಕಿಂತ ಹೆಚ್ಚು ಜನ ಇಟ್ಟುಕೊಂಡಿದ್ದುದು ಒಂದರಿಂದ ಆರರವರೆಗಿನ ಅಂಕಿಗಳ ಸಾಲು; ಸುಮಾರು 2 ಲಕ್ಷ 90 ಸಾವಿರ ಜನರ ಗುಟ್ಟು ಅದೊಂದೇ. ನಮ್ಮ ಕುರೆಕುಪ್ಪದ ಕಡೆ ಬೇರೆಯದೇ ರೂಢಿ. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ನಾನಾ ರಾಜ್ಯಗಳಿಂದ ಬಂದವರು ಇಲ್ಲಿದ್ದಾರೆ. ಊರಿಗೆ ಹಣ ಕಳಿಸುವ ಸಂದೂಕ ಅವರಿಗೆ ಫೋನೇ. ನಮ್ಮ ರೈತರ, ವಿದ್ಯಾರ್ಥಿಗಳ ಅರ್ಜಿಗಳೆಲ್ಲ ಝೆರಾಕ್ಸ್ ಅಂಗಡಿಯ ಹುಡುಗನ ಕೈಯಲ್ಲಿ ಆಗುತ್ತವೆ. ಅವನಾದರೂ ಏನು ಮಾಡಿಯಾನು? ಮುಂದೆ ಸಾಲು ನಿಂತಿರುತ್ತದೆ. ಬಂದವರ ಹೆಸರು ಬರೆದು, ಅಟ್ ಚಿಹ್ನೆ ಹಾಕಿ, 123 ಎಂದು ಸೇರಿಸಿ ಅರ್ಜಿಯ ಹಿಂಬದಿಯಲ್ಲಿ ಗೀಚಿಕೊಡುತ್ತಾನೆ. ಹೆಸರು ಗೊತ್ತಿದ್ದವರಿಗೆ ಕೀಲಿಕೈಯೂ ಗೊತ್ತಾದಂತೆ.

ನನ್ನ ಹಂಪಿಯ ಪದ ಇದಕ್ಕಿಂತ ಉತ್ತಮವೆಂದು ನಾನು ನಂಬಿದ್ದೆ. ಅದನ್ನು ಮೊದಲು ಇಟ್ಟಾಗ ಗುಪ್ತಪದದ ಬಲವನ್ನು ಅಳೆಯುವ ಪಟ್ಟಿಯೊಂದು ಪರದೆಯ ಮೇಲೆ ಹಸಿರು ಬಣ್ಣ ತಳೆದು ನನ್ನನ್ನು ಅಭಿನಂದಿಸಿತ್ತು. ಏಕೆ ಅಭಿನಂದಿಸಿತು? ದೊಡ್ಡಕ್ಷರ ಇತ್ತು, ಸಣ್ಣಕ್ಷರ ಇತ್ತು, ಅಂಕಿ ಇತ್ತು, ಚಿಹ್ನೆ ಇತ್ತು. ಅಂಥ ಹಲವು ಮಾಪಕಗಳು ಪ್ರಸ್ತಾರವನ್ನಷ್ಟೆ ಲೆಕ್ಕ ಹಾಕುತ್ತವೆ. ಗಣ ಸರಿಯಾಗಿದೆ, ಯತಿ ಸರಿಯಾಗಿದೆ ಎಂದು ಪದ್ಯಕ್ಕೆ ಪೂರ್ಣಾಂಕ ಕೊಡುವ ಪರೀಕ್ಷಕನಂತೆ ಅವು. ಬರೆದವನು ಯಾರು, ಅವನ ಊರು ಯಾವುದು, ಅವನು ಎಷ್ಟು ವರ್ಷ ಏನನ್ನು ಪಾಠ ಹೇಳಿದ ಎಂಬುದು ಅವಕ್ಕೆ ತಿಳಿಯದು. ನನ್ನ ಮೊಮ್ಮಗಳಿಗೆ ತಿಳಿದಿತ್ತು. ಮಾಪಕ ಅಳೆದದ್ದು ಪದವನ್ನು, ಅವಳು ಅಳೆದದ್ದು ನನ್ನನ್ನು.

ದೊಡ್ಡಕ್ಷರ, ಅಂಕಿ, ಚಿಹ್ನೆಗಳ ಈ ಕಟ್ಟಳೆಗೂ ಒಂದು ಇತಿಹಾಸವಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ಬಿಲ್ ಬರ್ ಎಂಬುವರು 2003ರಲ್ಲಿ ಬರೆದ ಮಾರ್ಗದರ್ಶಿಯಿಂದ ಇವಕ್ಕೆ ಹೆಚ್ಚಿನ ಪ್ರಚಾರ ದೊರೆಯಿತು. ಆಗಾಗ ಗುಪ್ತಪದವನ್ನು ಬದಲಿಸುತ್ತಿರಬೇಕೆಂಬ ಪದ್ಧತಿಯೂ ಹಾಗೆಯೇ ಹಬ್ಬಿತು. ಜನ ಮಾಡಿದ್ದೇನು? ಮೊದಲಕ್ಷರವನ್ನು ದೊಡ್ಡದು ಮಾಡಿದರು, ಕೊನೆಯಲ್ಲಿ ಒಂದು ಅಂಕಿ ಸೇರಿಸಿದರು, ಬದಲಿಸುವ ದಿನ ಬಂದಾಗ ಒಂದನ್ನು ಎರಡು ಮಾಡಿದರು. ನಿಯಮ ಪಾಲನೆಯಾಯಿತು, ಗುಟ್ಟು ಗಟ್ಟಿಯಾಗಲಿಲ್ಲ. 2017ರಲ್ಲಿ ಅದೇ ಸಂಸ್ಥೆ ತನ್ನ ಸಲಹೆಯನ್ನು ತಿದ್ದಿತು: ಉದ್ದಕ್ಕೆ ಬೆಲೆ ಕೊಡಿ; ಚಿಹ್ನೆಗಳ ಒತ್ತಾಯ ಬೇಡ; ಗುಟ್ಟು ಹೊರಬಿದ್ದ ಸೂಚನೆಯಿಲ್ಲದೆ ಕಾಲಕಾಲಕ್ಕೆ ಬದಲಿಸುವ ಒತ್ತಾಯವೂ ಬೇಡ; ಈಗಾಗಲೇ ಬಯಲಾದ ಪದಗಳ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ. ಆ ವರ್ಷವೇ ಬಿಲ್ ಬರ್ ಅವರು ತಮ್ಮ ಹಿಂದಿನ ಸಲಹೆಗಾಗಿ ವಿಷಾದವನ್ನೂ ವ್ಯಕ್ತಪಡಿಸಿದರು. ತಾನು ಬರೆದದ್ದು ತಪ್ಪಾಗಿತ್ತೆಂದು ಹೇಳುವ ಆ ಧೈರ್ಯ ವಿದ್ವಾಂಸರಲ್ಲಿ ಅಪರೂಪವೇ ಸರಿ.

ಉದ್ದಕ್ಕೆ ಏಕಿಷ್ಟು ಬೆಲೆ? ಇದನ್ನು ತಿಳಿಯಬೇಕಾದರೆ ಕಳ್ಳನು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕು. ಬ್ಯಾಂಕಿನ ಬಾಗಿಲಲ್ಲಿ ನಿಂತು ನಾಲ್ಕಾರು ಸಲ ತಪ್ಪು ಹೇಳಿದರೆ ಬಾಗಿಲು ಮುಚ್ಚಿಹೋಗುತ್ತದೆ. ಜಾಣ ಕಳ್ಳ ಬಾಗಿಲಿಗೆ ಬರುವುದಿಲ್ಲ. ಎಲ್ಲರ ಗುಪ್ತಪದಗಳ ಕಡತವನ್ನೇ ಎಲ್ಲಿಂದಲೋ ಕದ್ದುಕೊಂಡು ಹೋಗುತ್ತಾನೆ. ಎಚ್ಚರವುಳ್ಳ ಸಂಸ್ಥೆಗಳು ಕಡತದಲ್ಲಿ ಪದವನ್ನು ಹಾಗೆಯೇ ಬರೆದಿಡುವುದಿಲ್ಲ. ಗಣಿತದ ಬೀಸುಕಲ್ಲಿಗೆ ಹಾಕಿ ಹಿಟ್ಟು ಮಾಡಿ ಇಡುತ್ತವೆ. ಕಾಳಿನಿಂದ ಹಿಟ್ಟಾಗುತ್ತದೆ, ಹಿಟ್ಟಿನಿಂದ ಕಾಳಾಗದು. ಒಂದೇ ಪದ ಇಟ್ಟ ಇಬ್ಬರ ಹಿಟ್ಟು ಒಂದೇ ರೀತಿ ಕಾಣದಿರಲೆಂದು ಒಬ್ಬೊಬ್ಬರ ಕಾಳಿಗೂ ಬೇರೆ ಬೇರೆ ಚಿಟಿಕೆ ಬೆರಸುತ್ತಾರೆ. ಆ ಚಿಟಿಕೆಗೆ ತಂತ್ರಜ್ಞರು ಇಟ್ಟ ಹೆಸರೂ ಉಪ್ಪು ಎಂದೇ. ಆದರೆ ಕಳ್ಳನ ಮನೆಯಲ್ಲಿಯೂ ಬೀಸುಕಲ್ಲು ಇದೆ. ಅವನು ತನಗೆ ತೋಚಿದ ಕಾಳುಗಳನ್ನೆಲ್ಲ ಒಂದೊಂದಾಗಿ ಬೀಸಿ, ಬಂದ ಹಿಟ್ಟನ್ನು ಕದ್ದ ಹಿಟ್ಟಿನೊಡನೆ ಹೋಲಿಸುತ್ತ ಕೂರುತ್ತಾನೆ. ಅಲ್ಲಿ ಅವನನ್ನು ತಡೆಯುವವರಿಲ್ಲ, ಅವನ ಯಂತ್ರಕ್ಕೆ ದಣಿವಿಲ್ಲ.

ಅವನ ಯಂತ್ರ ಒಂದು ಸೆಕೆಂಡಿಗೆ ನೂರು ಕೋಟಿ ಊಹೆಗಳನ್ನು ಪರೀಕ್ಷಿಸುತ್ತದೆ ಎಂದಿಟ್ಟುಕೊಳ್ಳೋಣ. ಬೀಸುಕಲ್ಲು ಹಗುರವಾಗಿದ್ದರೆ ಇದು ಅತಿಶಯೋಕ್ತಿಯಲ್ಲ. ಇಂಗ್ಲಿಷಿನ ಎಂಟು ಸಣ್ಣಕ್ಷರಗಳಿಂದ 20,882 ಕೋಟಿ ಪದಗಳು ಸಾಧ್ಯ. ದೊಡ್ಡ ಸಂಖ್ಯೆಯೆಂದು ಹಿಗ್ಗಬೇಡಿ. ಆ ಯಂತ್ರಕ್ಕೆ ಅದು ಮೂರೂವರೆ ನಿಮಿಷದ ಕೆಲಸ. ಅದೇ ಎಂಟು ಸ್ಥಾನಗಳಲ್ಲಿ ದೊಡ್ಡಕ್ಷರ, ಅಂಕಿ, ಚಿಹ್ನೆಗಳನ್ನೆಲ್ಲ ಬೆರಸಿದರೆ ಸುಮಾರು 77 ದಿನ. ಚಿಹ್ನೆಗಳ ಗೊಡವೆಯಿಲ್ಲದೆ ಹದಿನಾರು ಸಣ್ಣಕ್ಷರಗಳನ್ನೇ ಇಟ್ಟರೆ ಸುಮಾರು 13 ಲಕ್ಷ 80 ಸಾವಿರ ವರ್ಷ! ಆದರೆ ಒಂದು ಷರತ್ತಿದೆ. ಆ ಅಕ್ಷರಗಳು ಯಾವ ಅರ್ಥಕ್ಕೂ ಯಾವ ನೆನಪಿಗೂ ಕಟ್ಟುಬಿದ್ದಿರಬಾರದು. ಊರಿನ ಹೆಸರು, ಇಸವಿಗಳನ್ನು ಕಳ್ಳ ಮೊದಲೇ ಪಟ್ಟಿ ಮಾಡಿಟ್ಟಿರುತ್ತಾನೆ. ನನ್ನ ಹಂಪಿಯ ಪದ ಅವನಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ.

ಎಚ್ಚರವುಳ್ಳವರು ಬೀಸುಕಲ್ಲನ್ನು ಬೇಕೆಂದೇ ಭಾರವಾಗಿ ಮಾಡುತ್ತಾರೆ. ಹಂಪಿಗೆ ಹೋದವರು ಭೀಮನ ಬಾಗಿಲನ್ನು ನೋಡಿರಬಹುದು. ಅಲ್ಲಿ ಹೆಬ್ಬಾಗಿಲನ್ನು ಹೊಕ್ಕವನು ನೇರವಾಗಿ ಒಳಗೆ ಹೋಗಲಾರ, ದಾರಿ ತಿರುಗುತ್ತದೆ. ಓಡಿ ಬಂದ ಆನೆಯ ವೇಗ ಆ ತಿರುವಿನಲ್ಲಿ ಮುರಿಯುತ್ತದೆ. ಶತ್ರುವನ್ನು ಅದು ಪೂರ್ಣವಾಗಿ ತಡೆಯುವುದಿಲ್ಲ, ತಡಮಾಡಿಸುತ್ತದೆ. ಭಾರವಾದ ಬೀಸುಕಲ್ಲು ಮಾಡುವುದೂ ಇದನ್ನೇ. ಮನೆಯ ಒಡೆಯನಿಗೆ ದಿನಕ್ಕೊಮ್ಮೆ ತಿರುಗುವ ಕಷ್ಟ ಅರಿವಿಗೂ ಬಾರದು. ಕೋಟಿ ಸಲ ತಿರುಗಬೇಕಾದವನಿಗೆ ಆಯುಷ್ಯ ಸಾಲದು. ಆದರೆ ಆ ಕಲ್ಲಿನ ಭಾರ ನಮ್ಮ ಕೈಯಲ್ಲಿಲ್ಲ; ನಮ್ಮ ಕೈಯಲ್ಲಿರುವುದು ಕಾಳು ಮಾತ್ರ.

ಹಾಗಾದರೆ ನಮ್ಮ ಕಾಳನ್ನು ಪರೀಕ್ಷಿಸುವುದು ಹೇಗೆ? ನಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ನನ್ನನ್ನು ಬಲ್ಲ ಜಾಣನೊಬ್ಬ ನೂರು ಊಹೆಗಳೊಳಗೆ ಇದನ್ನು ಮುಟ್ಟಬಲ್ಲನೆ? ಇದೇ ಪದವನ್ನು ಇನ್ನೆಲ್ಲಾದರೂ ಬಳಸಿದ್ದೇನೆಯೆ? ಇದು ಈಗಾಗಲೇ ಹೊರಬಿದ್ದ ಪದಗಳ ರಾಶಿಯಲ್ಲಿದೆಯೆ? ಮೊದಲೆರಡಕ್ಕೆ ಉತ್ತರ ನಮ್ಮಲ್ಲೇ ಇದೆ. ಎರಡನೆಯದನ್ನು ಹಗುರವಾಗಿ ಕಾಣಬೇಡಿ. ನನ್ನ ಗೆಳೆಯರು ಎಲ್ಲ ಬಾಗಿಲಿಗೂ ಒಂದೇ ಕೀಲಿಕೈ ಮಾಡಿಸಿದ್ದರು. ಎಲ್ಲೋ ಒಂದು ಸಣ್ಣ ಅಂಗಡಿಯಲ್ಲಿ ಅದು ಕಳುವಾದರೂ ಮನೆಯೇ ತೆರೆದಂತೆ. ಮೂರನೆಯದಕ್ಕೆ ಹೊರಗಿನ ನೆರವು ಬೇಕು, ಅಲ್ಲಿ ಎಚ್ಚರವೂ ಬೇಕು. ನಿಮ್ಮ ಗುಪ್ತಪದ ಎಷ್ಟು ಗಟ್ಟಿ ಎಂದು ಹೇಳುತ್ತೇವೆ, ಇಲ್ಲಿ ಬರೆಯಿರಿ ಎಂದು ಕರೆಯುವ ತಾಣಗಳಿವೆ. ಬೀಗ ಪರೀಕ್ಷಿಸುತ್ತೇನೆಂದು ಬೀದಿಯಲ್ಲಿ ಹೋಗುವವನು ಕೇಳಿದರೆ ಕೀಲಿಕೈಯನ್ನು ಕೊಡುತ್ತೇವೆಯೆ? ಪರಿಚಯವಿಲ್ಲದೆಡೆ ನಿಜವಾದ ಪದವನ್ನು ಬರೆಯಲೇಬಾರದು. ಸರಿಯಾದ ವಿಧಾನ ಇಲ್ಲದಿಲ್ಲ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಎಂಬುವರು 2013ರಲ್ಲಿ ಆರಂಭಿಸಿದ ಹ್ಯಾವ್ ಐ ಬೀನ್ ಪೌನ್ಡ್ ಎಂಬ ತಾಣ, ಬಯಲಾದ ಪದಗಳನ್ನು ಪರಿಶೀಲಿಸುವ ಸೌಲಭ್ಯವನ್ನು 2017ರಿಂದ ಕೊಡುತ್ತಿದೆ. ಅಲ್ಲಿ ನಮ್ಮ ಪದ ನಮ್ಮ ಯಂತ್ರದಲ್ಲೇ ಹಿಟ್ಟಾಗಿ, ಆ ಹಿಟ್ಟಿನ ಮೊದಲ ಐದು ಅಕ್ಷರಗಳಷ್ಟೆ ಆಚೆಗೆ ಹೋಗುತ್ತವೆ. ಅಂಥ ಐದು ಅಕ್ಷರಗಳಿಂದ ಆರಂಭವಾಗುವ ಎಲ್ಲ ದಾಖಲೆಗಳನ್ನೂ ಅವರು ಕಳಿಸುತ್ತಾರೆ. ನಮ್ಮದು ಅದರಲ್ಲಿದೆಯೇ ಎಂದು ನಮ್ಮ ಯಂತ್ರವೇ ನೋಡುತ್ತದೆ. ಗ್ರಂಥಾಲಯದಲ್ಲಿ ಪುಸ್ತಕದ ಹೆಸರು ಹೇಳದೆ, ಆ ಕಪಾಟಿನ ಪುಸ್ತಕಗಳನ್ನೆಲ್ಲ ಮೇಜಿಗೆ ತರಿಸಿಕೊಂಡಂತೆ.

ಹೊಸ ಪದವನ್ನು ಮಾಡಿಕೊಳ್ಳಬೇಕೆಂದು ನಿರ್ಧರಿಸಿದ ದಿನ ಮೊಮ್ಮಗಳು ಹಾವು ಏಣಿ ಆಟದ ದಾಳವನ್ನು ತಂದಳು. ಆರ್ನಾಲ್ಡ್ ರೈನ್‌ಹೋಲ್ಡ್ ಎಂಬ ಅಮೆರಿಕದವರು 1995ರಲ್ಲಿ ರೂಪಿಸಿದ ವಿಧಾನವಂತೆ ಇದು. ಐದು ಸಲ ದಾಳ ಉರುಳಿಸಿದರೆ 7,776 ಬಗೆಯ ಫಲಗಳು. ಅಷ್ಟು ಪದಗಳ ಪಟ್ಟಿಯಲ್ಲಿ ದಾಳ ತೋರಿಸಿದ ಪದವನ್ನು ತೆಗೆದುಕೊಳ್ಳುವುದು. ಅಂಥ ಕನ್ನಡ ಪಟ್ಟಿ ನಮ್ಮ ಬಳಿ ಇರಲಿಲ್ಲ. ಕಪಾಟಿನಿಂದ ನಿಘಂಟನ್ನು ಇಳಿಸಿದೆವು. ಮೂರು ಸಲ ಉರುಳಿಸಿದರೆ 216 ಪುಟಗಳಲ್ಲಿ ಒಂದು. ಮತ್ತೆ ಎರಡು ಸಲ ಉರುಳಿಸಿದರೆ ಆ ಪುಟದ ಮೊದಲ 36 ಪದಗಳಲ್ಲಿ ಒಂದು. ಗುಣಿಸಿದರೆ ಅದೇ 7,776. ನಾಲ್ಕು ಪದಗಳು ಸಾಕಲ್ಲವೆ ಎಂದೆ. ಅವಳು ಲೆಕ್ಕ ಹಾಕಿದಳು. ಸೆಕೆಂಡಿಗೆ ನೂರು ಕೋಟಿ ಊಹಿಸುವ ಯಂತ್ರದ ಮುಂದೆ ನಾಲ್ಕು ಪದಗಳು 42 ದಿನ, ಐದು ಪದಗಳು 900 ವರ್ಷ, ಆರು ಪದಗಳು 70 ಲಕ್ಷ ವರ್ಷ. ಆರು ಎಂದು ಗೊತ್ತಾಯಿತು.

ಮೊದಲ ಸಲ ಬಂದ ಪದಗಳು ಇವು: ಒನಕೆ, ಸುಂಕ, ಹಲಸು, ಗಡಿಯಾರ, ಕಪ್ಪೆ, ನೊಗ. ನನ್ನ ಕಿವಿಗೆ ಕಪ್ಪೆ ಒಗ್ಗಲಿಲ್ಲ. ಅದರ ಬದಲು ಕಮಲ ಎಂದು ಇಟ್ಟುಕೊಳ್ಳೋಣ ಎಂದೆ. ಮೊಮ್ಮಗಳು ದಾಳವನ್ನು ಮುಚ್ಚಿ ಹಿಡಿದು, “ಕಮಲ ನಿಮ್ಮದು ತಾತ, ಕಪ್ಪೆ ದಾಳದ್ದು. ನಿಮ್ಮದನ್ನು ಯಾರು ಬೇಕಾದರೂ ಊಹಿಸುತ್ತಾರೆ” ಎಂದಳು. ನಾನು ಸುಮ್ಮನಾದೆ. ಬದುಕಿನುದ್ದಕ್ಕೂ ಪದಗಳನ್ನು ಆರಿಸುವುದೇ ಬುದ್ಧಿಯೆಂದು ನಂಬಿದವನಿಗೆ, ಆರಿಸದಿರುವುದೂ ಒಂದು ಬುದ್ಧಿಯೆಂದು ಅಂದು ತಿಳಿಯಿತು. ನಾವು ಆರಿಸಿದ ಕ್ಷಣ ಪದದಲ್ಲಿ ನಾವು ಇರುತ್ತೇವೆ. ನಮ್ಮನ್ನು ಹುಡುಕುವವನಿಗೆ ಅದೇ ಜಾಡು. ದಾಳಕ್ಕೆ ಊರಿಲ್ಲ, ಮಕ್ಕಳಿಲ್ಲ, ಮೆಚ್ಚಿನ ಇಸವಿಯಿಲ್ಲ. ಶಕುನಿಯ ದಾಳವಲ್ಲದಿದ್ದರೆ ಸರಿ. ಈ ಆರು ಪದಗಳನ್ನು ಇಂದು ಗಾಳಿಗೆ ತೂರಿದ್ದೇನಾದ್ದರಿಂದ ಯಾರೂ ಬಳಸಬೇಡಿ, ನಾನೂ ಬಳಸುತ್ತಿಲ್ಲ. ನಿಮ್ಮ ನಿಘಂಟಿನಲ್ಲಿ ನಿಮ್ಮ ದಾಳಕ್ಕೆ ಬೇರೆ ಪದಗಳು ಸಿಗುತ್ತವೆ. ನೆನಪಿನಲ್ಲಿ ಉಳಿಯದೆಂಬ ಭಯವಿದ್ದರೆ ಒಂದು ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿ ಬೀಗ ಹಾಕಿಡಿ. ದೂರದೇಶದ ಕಳ್ಳ ನಿಮ್ಮ ಕಪಾಟಿಗೆ ಕೈ ಹಾಕಲಾರ. ಫೋನಿನ ಹಿಂದೆ ಅಂಟಿಸಬೇಡಿ, ಅಷ್ಟೆ.

ಗುಪ್ತಪದಕ್ಕೆ ಸಹಜವಾದ ಒಂದು ಕೊರತೆಯೂ ಇದೆ. ಅದನ್ನು ಹೇಳಿದವರು ಯಾರೆಂದು ಅದು ಹೇಳುವುದಿಲ್ಲ. ನಮ್ಮ ರಾಜ್ಯದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯನ್ನು ರೂಪಿಸಿದಾಗ ಈ ಪ್ರಶ್ನೆ ಎದ್ದಿತ್ತು. ರೈತನ ಜಮೀನಿನ ದಾಖಲೆಯನ್ನು ತಿದ್ದಿದ ಅಧಿಕಾರಿ ಮುಂದೊಂದು ದಿನ, ನನ್ನ ಪಾಸ್‌ವರ್ಡ್ ಬಳಸಿ ಬೇರೆ ಯಾರೋ ತಿದ್ದಿದರು ಎಂದುಬಿಟ್ಟರೆ? ಆದ್ದರಿಂದ ಅಲ್ಲಿ ಅಧಿಕಾರಿಯ ಬೆರಳಚ್ಚನ್ನೇ ಗುರುತಾಗಿ ಪಡೆಯುವ ಏರ್ಪಾಟು ಮಾಡಿದರು. ಬೆರಳನ್ನು ಇನ್ನೊಬ್ಬರಿಗೆ ಎರವಲು ಕೊಡಲಾಗದು ಎಂಬುದು ಅದರ ಗುಣ. ಬೆರಳಚ್ಚಿನ ನಕಲು ಒಮ್ಮೆ ಕಳುವಾದರೆ ಹೊಸ ಬೆರಳನ್ನು ಬೆಳೆಸಿಕೊಳ್ಳಲಾಗದು ಎಂಬುದು ಅದರ ದೋಷ. ಹೀಗಾಗಿ ಒಂದೇ ಗುರುತನ್ನು ನೆಚ್ಚದೆ ಎರಡನ್ನು ಕೇಳುವುದು ಈಗಿನ ಪದ್ಧತಿ. ಸೀತೆ ಮಣಿಯನ್ನೂ ಕಥೆಯನ್ನೂ ಕಳಿಸಿದಂತೆ, ನಾವು ಬಲ್ಲ ಪದವೊಂದು, ನಮ್ಮ ಕೈಯಲ್ಲಿರುವ ಫೋನಿಗೆ ಬರುವ ಓಟಿಪಿ ಮತ್ತೊಂದು.

ಆ ಓಟಿಪಿ ಆರು ಅಂಕಿಗಳದು, ಹತ್ತು ಲಕ್ಷ ಸಾಧ್ಯತೆಗಳು, ಬದುಕಿರುವುದು ಕೆಲವೇ ನಿಮಿಷ. ಊಹಿಸಿ ಗೆಲ್ಲುವುದು ಬಹಳ ಕಷ್ಟ. ಕೇಳಿ ಪಡೆಯುವುದು ಸುಲಭ. ನನ್ನ ಗೆಳೆಯರ ವಿಷಯದಲ್ಲಿ ಆದದ್ದು ಇದೇ. ಹಂಪಿಯ ಕೋಟೆಗೋಡೆಗಳು ನನಗೆ ಪ್ರತಿಸಲವೂ ಇದನ್ನೇ ಹೇಳುತ್ತವೆ. 1443ರಲ್ಲಿ ಬಂದ ಅಬ್ದುರ್ ರಜಾಕ್ ಒಂದರೊಳಗೊಂದು ಏಳು ಕೋಟೆಗಳನ್ನು ಕಂಡು ಬರೆದಿದ್ದಾನೆ. 1565ರ ಜನವರಿಯಲ್ಲಿ ಯುದ್ಧ ನಡೆದದ್ದು ದೂರದಲ್ಲಿ, ಕೃಷ್ಣಾ ನದಿಯ ಬಳಿ. ರಾಮರಾಯ ಅಲ್ಲಿ ಮಡಿದ. ಅವನ ತಮ್ಮ ತಿರುಮಲ ರಾಜಧಾನಿಗೆ ಮರಳಿ ಸಂಪತ್ತನ್ನು ಹೇರಿಸಿಕೊಂಡು ಪೆನುಕೊಂಡೆಯತ್ತ ಹೊರಟುಹೋದ. ಕಾಯುವವರಿಲ್ಲದ ನಗರ ಸೂರೆಹೋಯಿತು. ಆ ಬಂಡೆಗೋಡೆಗಳ ಎಷ್ಟೋ ಭಾಗ ಇಂದಿಗೂ ನಿಂತಿದೆ. ನಗರ ಉಳಿಯಲಿಲ್ಲ.

ಗೋಡೆ ಬೇಡವೆಂದು ಇದರ ಅರ್ಥವಲ್ಲ. ಗೋಡೆ ಗಟ್ಟಿಯಾಗಿರಲಿ, ಬಾಗಿಲಲ್ಲಿ ಮನುಷ್ಯನೂ ಎಚ್ಚರವಾಗಿರಲಿ. ಕರೆ ಮಾಡಿದವನು ನಮ್ಮ ವಿಷಯವನ್ನೆಲ್ಲ ಬಲ್ಲನೆಂಬುದು ಅವನು ನಮ್ಮವನೆಂಬುದಕ್ಕೆ ಸಾಕ್ಷಿಯಲ್ಲ. ಓಟಿಪಿಯನ್ನು ಬ್ಯಾಂಕು ಕೇಳುವುದಿಲ್ಲ. ಹಾಗೂ ಮೋಸಹೋದರೆ 1930 ಎಂಬ ಸಂಖ್ಯೆಗೆ ಕೂಡಲೇ ಕರೆಮಾಡಿ ತಿಳಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮುನ್ನ ತಡೆಹಿಡಿಯುವ ಅವಕಾಶ ಇರುವುದು ಮೊದಲ ಗಂಟೆಗಳಲ್ಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂಬ ಗಾದೆಯಿದೆ. ನನ್ನ ಗೆಳೆಯರು ಕಳೆದುಕೊಂಡ ನಾಲ್ಕು ದಿನಗಳಿಗೆ ಕಾರಣ ಅಜ್ಞಾನವಲ್ಲ, ನಾಚಿಕೆ. ಕಳ್ಳತನವಾದರೆ ನಾಚಬೇಕಾದವನು ಕಳ್ಳ. ಈ ಒಂದು ಮಾತನ್ನು ಮನೆಯ ಹಿರಿಯರಿಗೆ ಕಿರಿಯರು ಇಂದೇ ಹೇಳಿಡುವುದು ಒಳ್ಳೆಯದು.

ಕಳೆದ ವಾರ ಆ ಗೆಳೆಯರು ನಮ್ಮ ಮನೆಗೆ ಬಂದಿದ್ದರು. ಹೋದ ಹಣದಲ್ಲಿ ಸ್ವಲ್ಪ ಭಾಗವಷ್ಟೆ ಮರಳಿದೆ; ಮದುವೆ ಮುಂದಿನ ವರ್ಷಕ್ಕೆ ಹೋಗಿದೆ. ನಾನು ನಿಘಂಟನ್ನೂ ದಾಳವನ್ನೂ ಅವರ ಮುಂದಿಟ್ಟು ಎದ್ದು ಒಳಗೆ ಹೋದೆ. ಗುಟ್ಟು ಹುಟ್ಟುವಾಗ ಗೆಳೆಯನೂ ಎದುರಿಗಿರಬಾರದು. ಕೋಣೆಯೊಳಗೆ ಕುಳಿತು ಬಹಳ ಹೊತ್ತು ದಾಳ ಉರುಳುವ ಸದ್ದನ್ನು ಕೇಳುತ್ತಿದ್ದೆ.

(ಆಕಾಶವಾಣಿಯ ಕೃಪೆಯಿಂದ)